ತಾಟು ತೊಳೆದ ಹುಡುಗ ದೊಡ್ಡವನಾದ ಮ್ಯಾಲ ಸುಖವಾಗಿರ್ತಾನಂತ, ಖರೇನಾ?

ಮಾನ್ವಿ ಮಾವ:
ಪಕ್ಕದ ಮನಿ ಹುಡುಗ ಒಂಬತ್ತನೇ ಕ್ಲಾಸು. ಉಂಡ ತಾಟು ಎತ್ತಿ ಬಚ್ಚಲಕ್ಕ ಇಡಂಗಿಲ್ಲ. ಮೊಬೈಲ್ ನೋಡಕೋತ ಕುಂತಲ್ಲೇ ಕೈ ಚಾಚ್ತಾನ, ಅವರವ್ವ ತಂಬಿಗಿ ನೀರು ತಂದು ಹಾಕ್ತಾಳ. ನಾನು ಸುಮ್ಮನ ಹೇಳಂಗಿಲ್ಲ, ಅಮೆರಿಕದ ಹಾರ್ವರ್ಡ್‌ನವರು 1938ರಿಂದ ಜನರ ಬದುಕಿನ ಬೆನ್ನು ಹತ್ತಿ ನೋಡ್ಯಾರ. ಸಣ್ಣಾವರಿದ್ದಾಗ ಮನಿಗೆಲಸ ಮಾಡಿದವರು ಮುಂದ ಸುಖವಾಗಿದ್ರು ಅಂತ ಬಂದದ. ನಮ್ಮ ಕಾಲದಾಗ ಹತ್ತು ವರ್ಷದ ಹುಡುಗ ನಸುಕಿನಾಗ ಎದ್ದು ಹೆಂಡಿ ಬಳದು, ನೀರು ತಂದು, ಗಿರಣಿಗೆ ಹೋಗಿ ಬಂದು ಆಮ್ಯಾಲ ಸಾಲಿಗೆ ಹೋಗ್ತಿದ್ದ. ರೊಟ್ಟಿನೂ ಬಡೀತಿದ್ದ. ಅದಕ್ಕ ನಾವು ಗಟ್ಟಿ ಅದೀವಿ.

ಬಳ್ಳಾರಿ ಬಿಸಿಲು:
ಮಾವ, ಹಾರ್ವರ್ಡ್ ಅಂದ ಕೂಡ್ಲೇ ಮಾತು ಮುಗೀತು ಅನ್ಕೋಬೇಡ್ರಿ. ಆ ಅಧ್ಯಯನದಲ್ಲಿ ಎರಡು ಗುಂಪು ಐತೆ. ಹಾರ್ವರ್ಡ್ ಕಾಲೇಜಿನ 268 ಹುಡುಗರು ಒಂದು, ಬಾಸ್ಟನ್ ನಗರದ ಬಡ ಕೇರಿಗಳ 456 ಹುಡುಗರು ಇನ್ನೊಂದು. ನೀವು ಹೇಳೋ ಮಾತು ಬಂದಿದ್ದು ಎರಡನೇ ಗುಂಪಿಂದ, ಜಾರ್ಜ್ ವೈಲೆಂಟ್ 1981ರಲ್ಲಿ ಬರೆದಿದ್ದು. ಅಲ್ಲೂ ಎಣಿಸಿದ್ದು ಬರೀ ಮನೆಗೆಲಸ ಅಲ್ಲ. ಹೊರಗಿನ ಸಣ್ಣಪುಟ್ಟ ದುಡಿಮೆ, ಆಟೋಟ, ಬುದ್ಧಿಗೆ ತಕ್ಕ ಮಾರ್ಕ್ಸು, ಕಷ್ಟ ಬಂದ್ರೆ ನಿಭಾಯಿಸೋ ರೀತಿ, ಎಲ್ಲಾ ಸೇರಿಸಿ ಒಂದು ಅಂಕ. ಜನ ಅದರಿಂದ ತಾಟು ತೊಳೆಯೋದು ಮಾತ್ರ ಕಿತ್ಕೊಂಡು, ಮೇಲೆ ಹಾರ್ವರ್ಡ್ ಮುದ್ರೆ ಒತ್ತಿ ಫಾರ್ವರ್ಡ್ ಮಾಡ್ತಾರೆ.

ಎಡದಂಡೆ:
"ಬಡ ಕೇರಿಗಳ" ಅಂದ್ಯಲ್ಲ ತಮ್ಮಾ, ಹಂಗಾರ ಮಾವ ಹೇಳಿದ್ದೇ ಖರೆ ಆತು. ಬಡವರ ಮಕ್ಕಳು ದುಡದ್ರು, ಮುಂದ ಬಂದ್ರು. ಇನ್ನೇನು ಬೇಕು?

ಬಳ್ಳಾರಿ ಬಿಸಿಲು:
ಅಣ್ಣ, ಆ ಕೇರಿಗಳಲ್ಲಿ ಅನುಕೂಲಸ್ಥರು ಯಾರೂ ಇರಲಿಲ್ಲ. ಅವರೊಳಗೆ ಯಾರು ಚೆನ್ನಾಗಿ ಬಾಳಿದ್ರು ಅನ್ನೋದು ಪ್ರಶ್ನೆ. ಮೊದಲೇ ಜವಾಬ್ದಾರಿ ಇರೋ ಹುಡುಗ ಕೆಲಸಾನೂ ಮಾಡ್ತಾನೆ, ಮುಂದೆ ಚೆನ್ನಾಗೂ ಇರ್ತಾನೆ. ಕೆಲಸದಿಂದಲೇ ಸುಖ ಬಂತು ಅಂದ್ರೆ ಕೊಡೆ ಬಿಚ್ಚಿದ್ದಕ್ಕೇ ಮಳೆ ಬಂತು ಅಂದಂಗೆ.

ಎಡದಂಡೆ:
ಬಳ್ಳಾರ್ಯಾಗ ಕೊಡೆ ಇಟ್ಕೊಂಡಿ ಅಂದ್ರ ನೀನು ಭಾಳ ಆಶಾವಾದಿ ಬಿಡು.

ಬೆಂಗಳೂರು ಪಾರ್ಸೆಲ್:
ನಾನು ರಾಯಚೂರಿನವನೇ, ನೌಕರಿ ಬೆಂಗಳೂರಲ್ಲಿ. ಮಾವ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ರೂಮ್‌ಮೇಟ್‌ಗೆ ಮೂವತ್ತು ವರ್ಷ, ಸಿಲಿಂಡರ್‌ಗೆ ರೆಗ್ಯುಲೇಟರ್ ಹಾಕೋಕೆ ಬರಲ್ಲ, ಗ್ಯಾಸ್ ಖಾಲಿಯಾದ ದಿನ ಬಿಸ್ಕತ್ತು ತಿಂದು ಮಲಗ್ತಾನೆ. ಹಾರ್ವರ್ಡ್ ಬೇಡ್ವಾ, ಬಿಡಿ. ಮಿನೆಸೋಟ ವಿಶ್ವವಿದ್ಯಾಲಯದ ಮಾರ್ಟಿ ರಾಸ್‌ಮನ್ 2002ರಲ್ಲಿ ಹೇಳಿದ್ದೂ ಅದನ್ನೇ. ಮೂರು ನಾಲ್ಕು ವರ್ಷಕ್ಕೇ ಮನೆಗೆಲಸದಲ್ಲಿ ಕೈ ಹಾಕಿದ ಮಕ್ಕಳು ಇಪ್ಪತ್ತೈದರ ಹೊತ್ತಿಗೆ ಮುಂದಿದ್ರು. ಬಸವಣ್ಣನವರು ಸುಮ್ನೆ ಹೇಳಿದ್ರಾ, ಕಾಯಕವೇ ಕೈಲಾಸ ಅಂತ?

ಎಡದಂಡೆ:
ಅದು ಆಯ್ದಕ್ಕಿ ಮಾರಯ್ಯನ ವಚನದಾಗಿನ ಮಾತು. ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಾಂವ. ರಾಯಚೂರಿನವನಾಗಿ ಅಷ್ಟೂ ಗೊತ್ತಿಲ್ಲಂದ್ರ ನೀನು ಪಾರ್ಸೆಲ್ ಹೋಗಿದ್ದು ಸರಿ ಐತಿ.

ಗಂಗಾವತಿ ಅಕ್ಕಿ:
ಮಾರಯ್ಯ ಒಂದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ವಾಪಸ್ ಹೋಗಿ ಅಲ್ಲೇ ಸುರುವಿ ಬಾ ಅಂದಾಕಿ ಹೆಂಡ್ತಿ ಲಕ್ಕಮ್ಮ. ಆಕಿ ಹೆಸರು ನಿಮ್ಮ ಬಾಯಾಗ ಬರಂಗಿಲ್ಲ. ಅದಿರಲಿ. ಮಾವ, "ರೊಟ್ಟಿನೂ ಬಡೀತಿದ್ದ" ಅಂದ್ರಲ್ಲ, ಯಾರು? ನೀವೋ, ನಿಮ್ಮ ಅಕ್ಕನೋ?

ಮಾನ್ವಿ ಮಾವ:
ನಾನೇ ತಂಗಿ. ತಣ್ಣೀರಾಗ ಹಿಟ್ಟು ಕಲಸಿ, ಬಡದು, ಹಂಚಿಗೆ ಹಾಕಿದ್ರ ಹಪ್ಪಳದಂಗ ಏಳ್ತಿತ್ತು. ಹತ್ತು ರೊಟ್ಟಿ ಕಾಲು ತಾಸಿನ ಕೆಲಸ.

ಗಂಗಾವತಿ ಅಕ್ಕಿ:
ತಣ್ಣೀರಾಗ! ಸಿಕ್ಕಿಬಿದ್ರಿ ಮಾವ. ಜೋಳದ ಹಿಟ್ಟು ಗೋದಿ ಹಿಟ್ಟಿನಂಗ ಎಳಿಯಂಗಿಲ್ಲ. ಕುದಿಯೋ ಎಸರು ಹಾಕಿ ಒಲಿಮುಂದ ಬೆರಳು ಸುಟ್ಟುಕೊಂಡು ನಾದಿದ್ರನ ಅಂಟು ಬರೋದು. ತಣ್ಣೀರಾಗ ಕಲಸಿದ್ರ ಎರಡನೇ ಏಟಿಗೆ ಅಂಚು ಸೀಳ್ತೈತಿ, ಎತ್ತಿ ಹಂಚಿಗೆ ಹಾಕೋದ್ರಾಗ ಮೂರು ತುಂಡು. ಮತ್ತ ಹತ್ತು ರೊಟ್ಟಿ ಕಾಲು ತಾಸಿನಾಗ? ನಮ್ಮವ್ವ ಅರವತ್ತು ವರ್ಷ ಬಡದಾಕಿ, ಆಕಿಗೂ ಆಗಂಗಿಲ್ಲ.

ಎಡದಂಡೆ:
ಹಂಗೇನಿಲ್ಲಬೇ. ಹಿಂಗಾರಿ ಬಿಳಿಜೋಳ, ಮಾಲದಂಡಿ, ಅವತ್ತೇ ಬೀಸಿದ ಹಿಟ್ಟಾದ್ರ ತಣ್ಣೀರಿಗೂ ಜಿಗಿ ಬರ್ತೈತಿ. ನಮ್ಮ ಆಯಿ ಹೊಲದಾಗ ಹಂಗೇ ಮಾಡ್ತಿದ್ಲು. ಎಸರು ಇಡಾಕ ಅಲ್ಲಿ ಪುರಸೊತ್ತು ಎಲ್ಲಿ?

ಗಂಗಾವತಿ ಅಕ್ಕಿ:
"ನಮ್ಮ ಆಯಿ" ಅಂದ್ರಿ ನೋಡ್ರಿ. ನೀವು ಅಲ್ಲ.

ಬೆಂಗಳೂರು ಪಾರ್ಸೆಲ್:
ವಿಷಯ ಎಲ್ಲಿಂದ ಎಲ್ಲಿಗೆ ಹೋಯ್ತು! ರೊಟ್ಟಿ ಬಿಸಿನೀರಲ್ಲಿ ತಟ್ಟಿದ್ರೂ ಒಂದೇ, ತಣ್ಣೀರಲ್ಲಿ ತಟ್ಟಿದ್ರೂ ಒಂದೇ. ಮಕ್ಕಳ ಬಗ್ಗೆ ಮಾತಾಡೋಣ.

ಎಡದಂಡೆ:
"ತಟ್ಟಿದ್ರೂ"?? ರೊಟ್ಟಿ ಬಡೀತಾರಪ್ಪ. ತಟ್ಟೋದು ಕುಳ್ಳು.

ಸಿರುಗುಪ್ಪ ಸೊಸಿ:
ಎಡದಂಡೆ ಅಣ್ಣಾರು ಹೇಳಿದ್ದೂ ಸುಳ್ಳಲ್ಲ, ಗಂಗಾವತಿ ಅಕ್ಕಾರು ಹೇಳಿದ್ದೂ ಸುಳ್ಳಲ್ಲ. ಹೊಸ ಹಿಟ್ಟಿಗೆ ಎಸರು ಕಡಿಮೆ ಸಾಕು, ವಾರ ಆದ ಹಿಟ್ಟಿಗೆ ಕುದಿಯೋ ಎಸರೇ ಬೇಕು. ನನ್ನ ಮಗ ಹನ್ನೊಂದು ವರ್ಷದವನು, ಹೋದ ಬೇಸಿಗೆ ರಜಾದಾಗ ಕಲಿಸಿದೆ. ಮೊದಲನೇ ದಿನ ಆಂಧ್ರದ ನಕಾಶೆ ಬಂತು. ನಾಲ್ಕನೇ ದಿನ ಅಂಗೈ ಒದ್ದೆ ಮಾಡ್ಕೊಂಡು, ಕೂತ ಜಾಗ ಬಿಟ್ಟು ಎದ್ದು, ಪರಾತದ ಸುತ್ತ ತಾನೇ ತಿರುಗಾಕ ಹತ್ತಿದ. ರೊಟ್ಟಿ ತಿರುಗಿಸ್ಬೇಕಪ್ಪ ಅಂದ್ರೆ ತಾನು ತಿರುಗ್ತಾನೆ! ಒಂದು ಉಬ್ಬಿತು ನೋಡ್ರಿ, ಅದನ್ನ ಯಾರಿಗೂ ಮುಟ್ಟಾಕ ಬಿಡಲಿಲ್ಲ, ಅವರಪ್ಪ ಅಂಗಡಿಯಿಂದ ಬರೋವರೆಗೂ ಮುಚ್ಚಿ ಇಟ್ಟ. ಅಷ್ಟೊತ್ತಿಗೆ ಅದು ಇಳಿದು ಚಪ್ಪಟೆ ಆಗಿತ್ತು, ಅಳು. ಅವನು ದೊಡ್ಡವನಾಗಿ ಸುಖವಾಗಿ ಇರ್ತಾನೋ ಇಲ್ಲೋ ಗೊತ್ತಿಲ್ಲ, ಆವತ್ತಂತೂ ಅರ್ಧ ತಾಸು ಇದ್ದ.

ಮಾನ್ವಿ ಮಾವ:
"ಹೊಸ ಹಿಟ್ಟಿಗೆ ಕಡಿಮೆ ಸಾಕು" ಅಂತ ಸಿರುಗುಪ್ಪದ ತಾಯಿನೇ ಅಂದಾಳ. ಗಂಗಾವತಿಯವರು ಈಗ ಏನಂತೀರಿ?

ಗಂಗಾವತಿ ಅಕ್ಕಿ:
ಕಡಿಮೆ ಎಸರು ಅಂದ್ರ ತಣ್ಣೀರಲ್ಲ ಮಾವ.

ಕುಷ್ಟಗಿ ಟೀಚರ್:
ರೊಟ್ಟಿ ಜಗಳದ ನಡುವೆ ಒಂದು ಮಾತು. ನಮ್ಮ ಭಾಗದಲ್ಲಿ ಹತ್ತಿ ಬೀಜೋತ್ಪಾದನೆಯ ಹೊಲಗಳಿವೆ. ಕ್ರಾಸಿಂಗ್ ಹಂಗಾಮು ಬಂತೆಂದರೆ ನನ್ನ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಸಾಲು ಖಾಲಿ. ಸಂಜೆ ಮೊಗ್ಗಿನ ಕೇಸರ ತೆಗೆಯುವುದು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸುವುದು. ಸಣ್ಣ ಬೆರಳು ಬೇಕು, ಗಿಡದೆತ್ತರದ ಆಳು ಬೇಕು, ಕೂಲಿ ಕಡಿಮೆ ಇರಬೇಕು. ಮನೆಗೆ ಹೋಗಿ ಕೇಳಿದರೆ "ಮನಿಗೆಲಸಕ್ಕ ಸಹಾಯ ಮಾಡಾಕತ್ತಾಳ್ರಿ ಮೇಡಂ" ಅನ್ನುತ್ತಾರೆ. 2016ರ ತಿದ್ದುಪಡಿಯ ನಂತರ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆ ಎಲ್ಲ ಉದ್ಯೋಗಗಳಲ್ಲೂ ನಿಷೇಧ. ಆದರೆ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಅಪಾಯವಿಲ್ಲದ ಮನೆಯ ಕೆಲಸಕ್ಕೆ ಕೈಜೋಡಿಸಬಹುದು ಎಂಬ ಬಾಗಿಲೊಂದನ್ನು ತೆರೆದಿಟ್ಟರು. ಆ ಬಾಗಿಲಲ್ಲಿ ಏನೇನು ನುಗ್ಗುತ್ತದೆ ಎಂದು ನೋಡಲು ಒಂದು ದಿನ ನಮ್ಮ ಶಾಲೆಗೆ ಬನ್ನಿ.

ಬೆಂಗಳೂರು ಪಾರ್ಸೆಲ್:
"ಕೈಜೋಡಿಸಬಹುದು", ನೀವೇ ಹೇಳಿದ್ರಿ ಟೀಚರ್. ಕಾನೂನೇ ಒಪ್ಪಿದೆ. ಮತ್ತೆ ನಾವು ಮಾತಾಡ್ತಿರೋದು ತಾಟು ತೊಳೆಯೋದರ ಬಗ್ಗೆ, ಹತ್ತಿ ಹೊಲದ ಬಗ್ಗೆ ಅಲ್ಲ. ಎಲ್ಲದಕ್ಕೂ ಬಾಲಕಾರ್ಮಿಕ ಅಂತ ಅಂಟಿಸಬೇಡಿ.

ಬಳ್ಳಾರಿ ಬಿಸಿಲು:
ಅಂಟಿಸೋದಾ? ನಾನು ಬೆಳೆದ ಓಣಿಯಲ್ಲಿ ಮನೆ ಮನೆಗೆ ಜೀನ್ಸ್ ಪ್ಯಾಂಟಿನ ಗಂಟು ಬರ್ತಿತ್ತು. ದಾರ ಕಟ್ ಮಾಡೋದು, ಪೀಸಿಗೆ ಇಷ್ಟು ಅಂತ. ಸಾಲಿಯಿಂದ ಬಂದು ನಾನೂ ನನ್ನ ತಂಗೀನೂ ರಾತ್ರಿ ಹನ್ನೊಂದರವರೆಗೆ ಕತ್ತರಿ ಹಿಡ್ಕೊಂಡು ಕೂರ್ತಿದ್ವಿ, ಮೂಗೊಳಗೆ ನೀಲಿ ಧೂಳು. ಅದೂ ಮನೆಯೊಳಗಿನ ಕೆಲಸವೇ. ನನ್ನ ಸುಖ ಎಲ್ಲಿ ಐತೆ ತೋರಿಸಿ, ತಗೊಂಡು ಹೋಗ್ತೀನಿ. ಆಮೇಲೆ ನಿಮ್ಮ ಮಿನೆಸೋಟದ ಲೆಕ್ಕದಲ್ಲಿ ಇದ್ದವರು 84 ಜನ. ನಮ್ಮ ಓಣಿಯ ಗಣೇಶನ ಚಂದಾ ಪಟ್ಟಿ ಅದಕ್ಕಿಂತ ಉದ್ದ ಇರ್ತೈತೆ. ಅದರಲ್ಲೂ ಹದಿನೈದು ಹದಿನಾರಕ್ಕೆ ಹಚ್ಚಿದ್ರೆ ಉಲ್ಟಾ ಹೊಡೀತು ಅಂತಾನೂ ಬರೆದಿದ್ರು, ಅದನ್ನ ಯಾಕೆ ನುಂಗಿದ್ರಿ?

ಮಾನ್ವಿ ಮಾವ:
ನೋಡು ತಮ್ಮಾ, ದಾರ ಕಟ್ ಮಾಡಿ ಬೆಳದಿ, ಈಗ ಇಷ್ಟು ಛಲೋ ವಾದ ಮಾಡ್ತಿ. ಗಟ್ಟಿ ಆಗಿ ಇಲ್ಲೋ?

ಬಳ್ಳಾರಿ ಬಿಸಿಲು:
ಇದಕ್ಕೆ ನಾನು ಉತ್ತರ ಕೊಟ್ರೆ ಬೈಗುಳ ಆಗ್ತೈತೆ ಮಾವ. ನೀರು ಕುಡಿದು ಬರ್ತೀನಿ.

ಗಂಗಾವತಿ ಅಕ್ಕಿ:
ಒಂದು ಮಾತು ಬಳ್ಳಾರಿ ತಮ್ಮನೂ ಬಿಟ್ಟ. ಆ 268 ಹುಡುಗರು, ಆ 456ನೂ ಹುಡುಗರೇ. ಒಬ್ಬಾಕಿ ಹುಡುಗಿ ಇಲ್ಲ. ಕಸ ಹೊಡದ್ರ ಸುಖ ಬರ್ತೈತಿ ಅನ್ನಂಗಿದ್ರ ನಮ್ಮ ಜಿಲ್ಲಾದ ಹೆಣ್ಣುಮಕ್ಕಳೆಲ್ಲ ಸುಖದಾಗ ತೇಲಬೇಕಿತ್ತು. ಕೇಂದ್ರದವರು 2019ರಾಗ ಸಮಯ ಬಳಕೆ ಸಮೀಕ್ಷೆ ಮಾಡಿದ್ರು. ಮನಿಗೆಲಸ ಮಾಡೋ ಹೆಂಗಸರು ದಿನಕ್ಕ 299 ನಿಮಿಷ, ಮಾಡೋ ಗಂಡಸರು 97 ನಿಮಿಷ. ಮಾಡೋ ಗಂಡಸರ ಲೆಕ್ಕ ರೀ ಇದು, ಕುಂತು ಉಣ್ಣೋರು ಇದರಾಗ ಬರಂಗೇ ಇಲ್ಲ. ಮಾವನ ಕಾಲದ ಹುಡುಗರೆಲ್ಲ ಹೆಂಡಿ ಬಳದು ರೊಟ್ಟಿ ಬಡದು ಬೆಳದಿದ್ರ, ಅವರೆಲ್ಲ ಈಗ ಎಲ್ಲಿಗೆ ಹೋದ್ರು?

ಮಾನ್ವಿ ಮಾವ:
97 ನಿಮಿಷ ಕಡಿಮಿ ಏನವ್ವ? ಒಂದೂವರೆ ತಾಸಿನ ಮ್ಯಾಲ ಆತು.

ಸಿರುಗುಪ್ಪ ಸೊಸಿ:
ಮಾವಾ...

ಎಡದಂಡೆ:
ಮಾವ, ಇದನ್ನ ಅತ್ತಿ ಮುಂದ ಜೋರಾಗಿ ಓದಿ ಹೇಳ್ರಿ. ನಾವು ಕಾಯ್ತೀವಿ.

ಬೆಂಗಳೂರು ಪಾರ್ಸೆಲ್:
ಎಲ್ಲರೂ ಸೇರಿ ಒಬ್ಬ ಹಿರಿಯರ ಮೇಲೆ ಬೀಳೋದು ಸರಿಯಲ್ಲ. ಅವರ ಮೂಲ ಪ್ರಶ್ನೆಗೆ ಉತ್ತರ ಕೊಡಿ. ಇವತ್ತಿನ ಮಕ್ಕಳಿಗೆ ಕೆಲಸ ಕಲಿಸಬೇಕಾ, ಬೇಡ್ವಾ?

ಕುಷ್ಟಗಿ ಟೀಚರ್:
ಕಲಿಸಬೇಕು. ಬೇಡ ಎಂದವರು ಇಲ್ಲಿ ಯಾರು? ನಮ್ಮ ಶಾಲೆಯಲ್ಲಿ ಬಿಸಿಯೂಟದ ತಟ್ಟೆಯನ್ನು ಒಂದನೇ ತರಗತಿಯ ಮಗುವೂ ತಾನೇ ತೊಳೆದಿಡುತ್ತದೆ. ಮನೆಗೆ ಹೋದ ಮೇಲೆ ಅದೇ ಕೈಗಳಲ್ಲಿ ಹುಡುಗನದು ತೊಳೆಯುವುದನ್ನು ಮರೆಯುತ್ತದೆ, ಹುಡುಗಿಯದಕ್ಕೆ ಇಡೀ ಮನೆಯ ಮುಸುರೆ ಬೀಳುತ್ತದೆ. ನನ್ನ ತಕರಾರು ಅಷ್ಟೇ. ನಾಳೆ ಪರೀಕ್ಷೆ ಇದೆ, ಇನ್ನು ನಾನು ಬರುವುದಿಲ್ಲ.

ಬೆಂಗಳೂರು ಪಾರ್ಸೆಲ್:
"ಕಲಿಸಬೇಕು." ಥ್ಯಾಂಕ್ಸ್ ಟೀಚರ್. ಹಾಗಿದ್ರೆ ಮಾವ ಗೆದ್ದ ಹಾಗೆ.

ಗಂಗಾವತಿ ಅಕ್ಕಿ:
ಗೆದ್ದಂಗ ಅಂತ! ತಮ್ಮಾ, ನೀನು ಕೊನೆ ಸಲ ಊರಿಗೆ ಬಂದಾಗ ಉಂಡ ತಾಟು ಯಾರು ಎತ್ತಿದ್ರು?

ಬೆಂಗಳೂರು ಪಾರ್ಸೆಲ್:
ವೈಯಕ್ತಿಕ ಪ್ರಶ್ನೆ ಬೇಡ. ವರ್ಷಕ್ಕೆ ಎರಡು ಸಲ ಬರೋದು, ಅವ್ವನೇ ಬಿಡಲ್ಲ.

ಎಡದಂಡೆ:
"ಅವ್ವನೇ ಬಿಡಲ್ಲ." ಪಕ್ಕದ ಮನಿ ಹುಡುಗನೂ ಇದನ್ನೇ ಅಂತಾನ ಪಾರ್ಸೆಲ್.

ಮಾನ್ವಿ ಮಾವ:
ಎಲ್ಲಾ ಬಿಡ್ರಿ. ನಾಳೆ ನಾನೇ ರೊಟ್ಟಿ ಬಡದು ಫೋಟೋ ಹಾಕ್ತೀನಿ. ತಣ್ಣೀರಾಗೇ. ನೋಡಿ ಬಾಯಿ ಮುಚ್ಚಿಕೊಳ್ರಿ.

ಎಡದಂಡೆ:
ಎರಡು ದಿನ ಆತು ಮಾವ. ಫೋಟೋ?

ಮಾನ್ವಿ ಮಾವ:
ಹಿಟ್ಟು ಹಳೇದಿತ್ತು.

ಗಂಗಾವತಿ ಅಕ್ಕಿ:
ಎಸರು ಇಟ್ಟಿದ್ರೇನು?