ಅಪ್‌ಡೇಟ್: ಜನವರಿಯಲ್ಲಿ ಸೂರ್ಯ ಹತ್ತಿರ, ಆದರೂ ಚಳಿ ಯಾಕೆ?

ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುತ್ತದೆ, ಆದರೂ ಉತ್ತರಾರ್ಧಗೋಳದಲ್ಲಿ ಆಗಲೇ ಚಳಿಗಾಲ ಯಾಕೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಜುಲೈಗೂ ಜನವರಿಗೂ ದೂರದ ವ್ಯತ್ಯಾಸ ಸುಮಾರು 50 ಲಕ್ಷ ಕಿ.ಮೀ. ಜಾಸ್ತಿ ಅನಿಸುತ್ತದೆ, ಅಲ್ವಾ? ಆದರೆ 15 ಕೋಟಿ ಕಿ.ಮೀ. ಮುಂದೆ ಅದು ಶೇ. 3ರಷ್ಟೇ. ಅಸಲಿ ಕೆಲಸ 23.5 ಡಿಗ್ರಿ ವಾಲಿದ ಭೂಮಿಯ ಅಕ್ಷದ್ದು: ಜನವರಿಯಲ್ಲಿ ಉತ್ತರಾರ್ಧಗೋಳ ಸೂರ್ಯನಿಂದ ಆಚೆಗೆ ವಾಲಿರುವುದರಿಂದ ಬಿಸಿಲು ಓರೆಯಾಗಿ ಬೀಳುತ್ತದೆ.

ನೀವು ಹೇಳಿದಂತೆ ಕತ್ತಲಲ್ಲಿ ಗೋಡೆಗೆ ಟಾರ್ಚ್ ಬಿಟ್ಟು ನೋಡಿದೆ. ನೇರ ಹಿಡಿದರೆ ಪುಟ್ಟ, ಪ್ರಖರ ವೃತ್ತ. ಓರೆ ಮಾಡಿದರೆ ಅದೇ ಬೆಳಕು ಉದ್ದಕ್ಕೆ ಹರಡಿ ಮಂಕಾಗುತ್ತದೆ. ಚಳಿಗಾಲದ ಬಿಸಿಲೂ ಹೀಗೇ ಓರೆ. ಸಾಲದ್ದಕ್ಕೆ ಹಗಲೂ ಗಿಡ್ಡ.

ಇನ್ನೊಂದು ಮಜಾ: ಭೂಮಿ ತನ್ನ ಸುತ್ತ ಒಮ್ಮೆ ತಿರುಗಲು 23 ಗಂಟೆ 56 ನಿಮಿಷ ಸಾಕು. ಅಷ್ಟರಲ್ಲಿ ಕಕ್ಷೆಯಲ್ಲಿ ತುಸು ಮುಂದೆ ಸರಿದಿರುತ್ತದೆ. ಸೂರ್ಯನ ಎದುರು ಮತ್ತೆ ಬರಲು ಉಳಿದ 4 ನಿಮಿಷ.