ಸಹಾಯ ಬೇಕು: ಟೆಫ್ಲಾನ್ ಲೆನ್ಸ್‌ಗೆ ಎಂಥಾ ಗ್ರೂವ್ (ಕೊರೆದ ಸಾಲು) ಹಾಕಿಸಲಿ?

ಎಲ್ಲರಿಗೂ ನಮಸ್ಕಾರ. 10 ಗಿಗಾಹರ್ಟ್ಸ್ ಹಾರ್ನ್ ಆಂಟೆನಾ (ಕೊಂಬಿನಂತೆ ಬಾಯಗಲಿಸಿದ ಮೈಕ್ರೋವೇವ್ ಆಂಟೆನಾ) ಮುಂದೆ ಇಡಲು ಟೆಫ್ಲಾನ್ ಲೆನ್ಸ್ ಮಾಡಿಸುತ್ತಿದ್ದೇನೆ. ವ್ಯಾಸ 15 ಸೆಂ.ಮೀ., ಫೋಕಲ್ ದೂರವೂ ಅಷ್ಟೇ. ಹಾರ್ನ್ ಕಡೆಯ ಮುಖ ಹೈಪರ್ಬೋಲಾ, ಹೊರಗಿನದು ಚಪ್ಪಟೆ. ಟೆಫ್ಲಾನ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕ (ತರಂಗವನ್ನು ಎಷ್ಟು ನಿಧಾನಿಸುತ್ತದೆ ಅನ್ನೋದನ್ನು ನಿರ್ಧರಿಸುವ ಸಂಖ್ಯೆ) 2.1 ಹಿಡಿದರೆ ನಡುವೆ ದಪ್ಪ ಸುಮಾರು 33 ಮಿ.ಮೀ.

ತೊಂದರೆ ಇರೋದು ಚಪ್ಪಟೆ ಮುಖದಲ್ಲಿ. ಅಲ್ಲಿ ವಾಪಸ್ ಬರೋದು ಸುಮಾರು 3.4% ಪವರ್ ಮಾತ್ರ, ಆದರೆ ಅದು ನೇರವಾಗಿ ಹಾರ್ನ್‌ಗೇ ಬಂದು ಫೋಕಸ್ ಆಗುತ್ತದೆ ಅಲ್ವಾ? ಅದಕ್ಕೇ ಮ್ಯಾಚಿಂಗ್‌ಗೆ, ಅಂದರೆ ಈ ಪ್ರತಿಫಲನ ತಗ್ಗಿಸೋಕೆ, ಗ್ರೂವ್ ಪದರದೊಳಗಿನ ತರಂಗಾಂತರದ ಕಾಲು ಭಾಗದಷ್ಟು, ಅಂದರೆ 6.2 ಮಿ.ಮೀ. ಆಳದ ಗ್ರೂವ್ ಹಾಕಿಸಬೇಕು.

ಲೇತ್‌ನಲ್ಲಿ ದುಂಡು ಗ್ರೂವ್ ಸುಲಭ. ಆದರೆ ನನ್ನದು ಲೀನಿಯರ್ ಪೋಲರೈಸೇಶನ್ (ತರಂಗದ ವಿದ್ಯುತ್ ಕ್ಷೇತ್ರ ಒಂದೇ ಗೆರೆಯಲ್ಲಿ ಕಂಪಿಸುತ್ತದೆ). ಗ್ರೂವ್ ಉದ್ದಕ್ಕೆ ಒಂದು ಸ್ಥಿರಾಂಕ, ಅಡ್ಡಕ್ಕೆ ಇನ್ನೊಂದು ಸಿಗುತ್ತದೆ, ಹಾಗಾಗಿ ದುಂಡು ಗ್ರೂವ್ ಆದರೆ ಮ್ಯಾಚಿಂಗ್ ಜಾಗ ಜಾಗಕ್ಕೆ ಬದಲಾಗುತ್ತದೆ. ಮಿಲ್ಲಿಂಗ್ ಮಾಡಿಸಿ ನೇರ ಗ್ರೂವ್ ಹಾಕಿಸೋದೇ ವಾಸಿ ಅನ್ನಿಸುತ್ತಿದೆ. ಟೆಫ್ಲಾನ್ ಮೆತ್ತಗೆ ಬೇರೆ, ತೆಳು ಗೋಡೆ ಬಗ್ಗಿಬಿಟ್ಟರೆ ಕಷ್ಟ. ಇಂಥದ್ದು ಮಾಡಿಸಿ ಅಳೆದು ನೋಡಿದವರು ಇದ್ದೀರಾ? ಗ್ರೂವ್ ಅಗಲ, ಪಿಚ್ (ಒಂದು ಗ್ರೂವ್‌ನಿಂದ ಮುಂದಿನದಕ್ಕೆ ಇರುವ ದೂರ) ಎಷ್ಟು ಇಟ್ಟಿರಿ? ದಯವಿಟ್ಟು ತಿಳಿಸಿ.