ಬ್ರೆಡ್‌ಬೋರ್ಡ್ ಹಲಗೆ: ಅಡಾಪ್ಟರ್ ಹಾಕಿದರೆ ಗುಂಯ್ ಸದ್ದು, ಗೇನ್ ಏರಿಸಿದರೆ ಸಿಳ್ಳೆ

ಪ್ರಶ್ನೆ (ಮಣಿಪಾಲ)

ನಮಸ್ಕಾರ. ಗಿಟಾರ್ ಎಫೆಕ್ಟ್ ಸರ್ಕ್ಯೂಟ್‌ಗಳನ್ನು ಬೆಸುಗೆ ಹಾಕುವ ಮೊದಲು ನುಡಿಸಿ ನೋಡಲು ಒಂದು ಕಾಯಂ ಹಲಗೆ ಮಾಡಿಕೊಂಡಿದ್ದೇನೆ. ಪ್ಲೈವುಡ್ ಮೇಲೆ 830 ರಂಧ್ರಗಳ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ಬೋರ್ಡ್), ಬಲಕ್ಕೆ ಇನ್‌ಪುಟ್ ಜ್ಯಾಕ್, ಎಡಕ್ಕೆ ಔಟ್‌ಪುಟ್ ಜ್ಯಾಕ್, ಒಂಬತ್ತು ಕಾಲಿನ ಫುಟ್‌ಸ್ವಿಚ್, ಮುಂದೆ ಸಾಲಾಗಿ ನಾಲ್ಕು ಪಾಟ್‌ಗಳು (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್‌ಗಳು). 9 ವೋಲ್ಟ್ ಬ್ಯಾಟರಿ ಅಥವಾ ಅಡಾಪ್ಟರ್, ಎರಡನ್ನೂ ಹಾಕಬಹುದು.

ಈಗ ಕೂರಿಸಿರುವುದು ಟಿಎಲ್072 ಐಸಿ (ಸಿಗ್ನಲ್ ಹಿಗ್ಗಿಸುವ ಎರಡು ಆಪ್‌ಆಂಪ್‌ಗಳಿರುವ ಚಿಪ್) ಬಳಸಿದ ಓವರ್‌ಡ್ರೈವ್, ಅಂದರೆ ಗಿಟಾರಿನ ಸದ್ದನ್ನು ಒರಟಾಗಿಸುವ ಎಫೆಕ್ಟ್. ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗಬೇಕೆಂಬುದು) ಪಾಟ್ 500 ಕಿಲೊಓಮ್, ಅದರ ಜೊತೆಗಿನ 4.7 ಕಿಲೊಓಮ್ ರೆಸಿಸ್ಟರ್ ಒಂದು ಕೆಪಾಸಿಟರ್ ಮೂಲಕ 4.5 ವೋಲ್ಟ್ ಬಿಂದುವಿಗೆ ಹೋಗುತ್ತದೆ. ಆ 4.5 ವೋಲ್ಟ್ ಬರುವುದು ಎರಡು 10 ಕಿಲೊಓಮ್ ರೆಸಿಸ್ಟರ್‌ಗಳು ಮತ್ತು 47 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಿಂದ. ಕ್ಲಿಪಿಂಗ್‌ಗೆ (ಸಿಗ್ನಲ್‌ನ ತುದಿಗಳನ್ನು ಕತ್ತರಿಸಲು) 1ಎನ್4148 ಡಯೋಡ್‌ಗಳ ಜೋಡಿ.

ಅಡಾಪ್ಟರ್‌ನಲ್ಲಿ ಜೋರಾದ ಗುಂಯ್ ಸದ್ದು, ಬ್ಯಾಟರಿಯಲ್ಲಿ ಬಹುತೇಕ ಇಲ್ಲ. ಎರಡರಲ್ಲೂ ಗೇನ್ ಅರ್ಧ ದಾಟಿದರೆ ಕಿವಿ ಸೀಳುವ ಸಿಳ್ಳೆ. ಮಳೆ ಹಿಡಿದ ದಿನಗಳಲ್ಲಿ ತಂತಿ ಮುಟ್ಟಿದರೆ ಚಟಚಟ ಬೇರೆ. ಬೈಪಾಸ್‌ನಲ್ಲಿ (ಫುಟ್‌ಸ್ವಿಚ್ ಒತ್ತಿ ಎಫೆಕ್ಟನ್ನು ತಪ್ಪಿಸಿದಾಗ) ಎಲ್ಲವೂ ಶುದ್ಧ. ಮೀಟರ್‌ನಲ್ಲಿ 4.5 ವೋಲ್ಟ್ ಸರಿಯಾಗಿಯೇ ಬರುತ್ತಿದೆ. ಐಸಿ ಹಾಳಾಗಿದೆಯೇ?

ಉತ್ತರ (ಮಂಗಳೂರು)

ಐಸಿಯನ್ನು ಎಲ್ಲಕ್ಕಿಂತ ಕೊನೆಗೆ ಅನುಮಾನಿಸಿ. ಬೈಪಾಸ್ ಶುದ್ಧವಾಗಿದ್ದರೆ ಜ್ಯಾಕ್ ಮತ್ತು ಸ್ವಿಚ್ ಸರಿಯಿವೆ ಎಂದಷ್ಟೇ ಅರ್ಥ. ಆಗ ಸಿಗ್ನಲ್ ಬೋರ್ಡಿನ ಕಡೆಗೆ ಹಾಯುವುದೇ ಇಲ್ಲ. ಮೊದಲು ಸರ್ಕ್ಯೂಟಿನ ಇನ್‌ಪುಟ್ ಮತ್ತು ಔಟ್‌ಪುಟ್ ತಂತಿಗಳನ್ನು ಕಿತ್ತು, ಬೋರ್ಡಿನ ಮೇಲೆಯೇ ಒಂದಕ್ಕೊಂದು ನೇರವಾಗಿ ಸೇರಿಸಿ, ಸ್ವಿಚ್ಚನ್ನು ಎಫೆಕ್ಟ್ ಕಡೆಗಿಟ್ಟು ನುಡಿಸಿ. ಅಲ್ಲಿಯೂ ಶುದ್ಧವಾಗಿದ್ದರೆ ಹಲಗೆಯ ಸಿಗ್ನಲ್ ದಾರಿ ನಂಬಲರ್ಹ. ಹೊಸ ಸರ್ಕ್ಯೂಟ್ ಕೂರಿಸುವ ಪ್ರತಿ ಸಲವೂ ಇದನ್ನು ಮಾಡಿ ಎಂದು ಒತ್ತಿ ಹೇಳುತ್ತೇನೆ. ಹಲಗೆಯ ಮೇಲೆಯೇ ಸಂಶಯವಿದ್ದರೆ ಯಾವ ಸರ್ಕ್ಯೂಟನ್ನೂ ಅಳೆಯಲಾಗದು.

ಆಮೇಲೆ ನೋಡಬೇಕಾದದ್ದು ಗ್ರೌಂಡ್ ಸಾಲು. ಈ ಉದ್ದದ ಬೋರ್ಡ್‌ಗಳಲ್ಲಿ ಅಂಚಿನ ವಿದ್ಯುತ್ ಸಾಲುಗಳು ಹಲವು ಸಲ ನಡುಮಧ್ಯದಲ್ಲಿ ತುಂಡಾಗಿರುತ್ತವೆ. ಮೇಲೆ ಬಳಿದ ಕೆಂಪು, ನೀಲಿ ಗೆರೆಯೂ ಅಲ್ಲಿ ಕಡಿದಿರಬಹುದು. ಕೆಲವದರಲ್ಲಿ ಗೆರೆ ಅಖಂಡವಾಗಿದ್ದು ಒಳಗಿನ ಲೋಹ ಮಾತ್ರ ಕಡಿದಿರುತ್ತದೆ. ಬ್ಯಾಟರಿ, ಅಡಾಪ್ಟರ್ ಎರಡನ್ನೂ ಕಳಚಿ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿ.

ನನ್ನ ಸಂಶಯ ನಿಮ್ಮ 47 ಮೈಕ್ರೋಫ್ಯಾರಡ್ ಕೆಪಾಸಿಟರ್‌ನ ಮೇಲೆ. ಅದರ ಗ್ರೌಂಡ್ ಕಾಲು ತೂಗಾಡುತ್ತಿದ್ದರೂ ಮೀಟರ್ 4.5 ವೋಲ್ಟನ್ನೇ ತೋರಿಸುತ್ತದೆ, ಏಕೆಂದರೆ ವೋಲ್ಟೇಜನ್ನು ಹಂಚುವುದು ರೆಸಿಸ್ಟರ್‌ಗಳು. ಆದರೆ ಅಡಾಪ್ಟರ್‌ನ ಏರಿಳಿತದಲ್ಲಿ ಅರ್ಧದಷ್ಟು ಸೀದಾ ಆ ಬಿಂದುವಿಗೆ ಬರುತ್ತದೆ. ನಿಮ್ಮ 4.7 ಕಿಲೊಓಮ್ ಅಲ್ಲಿಗೇ ಹೋಗುವುದರಿಂದ ಆಪ್‌ಆಂಪ್ ಅದನ್ನೂ ಸಿಗ್ನಲ್ ಎಂದೇ ತಿಳಿದು ಹಿಗ್ಗಿಸುತ್ತದೆ. ಪೂರ್ತಿ ಗೇನ್‌ನಲ್ಲಿ ಅದು ನೂರು ಪಟ್ಟಿಗೂ ಹೆಚ್ಚು. ಬ್ಯಾಟರಿಯಲ್ಲಿ ಆ ಏರಿಳಿತವೇ ಇಲ್ಲದ್ದರಿಂದ ದೋಷ ಅಡಗಿ ಕೂರುತ್ತದೆ.

ಅಡಾಪ್ಟರ್‌ನ ದಾರಿಗೂ ಒಂದು ಸೋಸುವಿಕೆ ಬೇಕು: ಸರಣಿಯಲ್ಲಿ 100 ಓಮ್, ಅದರ ನಂತರ ಗ್ರೌಂಡಿಗೆ 470 ಮೈಕ್ರೋಫ್ಯಾರಡ್. 100 ಹರ್ಟ್ಸ್ ಏರಿಳಿತ ಸುಮಾರು ಮೂವತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಎಲ್‌ಇಡಿಯನ್ನು 100 ಓಮ್‌ಗಿಂತ ಮೊದಲೇ ಕವಲೊಡೆಸಿ, ಇಲ್ಲದಿದ್ದರೆ ಸುಮ್ಮನೆ ವೋಲ್ಟೇಜ್ ಕಳೆದುಕೊಳ್ಳುತ್ತೀರಿ. ಇವನ್ನು ಬೋರ್ಡಿನಲ್ಲಿ ಚುಚ್ಚಬೇಡಿ. ಡಿಸಿ ಜ್ಯಾಕ್‌ನ ಪಕ್ಕದಲ್ಲೇ ಬೆಸುಗೆ ಹಾಕಿ ಹಲಗೆಯ ಕಾಯಂ ಭಾಗವಾಗಿಸಿ.

ಸಿಳ್ಳೆಗೆ ತಂತಿಗಳ ಓಟವನ್ನು ನೋಡಬೇಕು. ಪಾಟ್‌ಗಳಿಗೆ ಹೋಗುವ ತಂತಿಗಳು ಕಟ್ಟಿನಂತೆ ಒಟ್ಟಿಗೆ ಓಡುತ್ತಿವೆಯೇ?

ಉತ್ತರ (ಮಲ್ಪೆ)

ಚಟಚಟದ ಬಗ್ಗೆ ನಾನು ಹೇಳುತ್ತೇನೆ. ಕಡಲ ಉಪ್ಪುಗಾಳಿ ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಸೇರಿದರೆ ಬೋರ್ಡಿನ ಒಳಗಿನ ಲೋಹದ ಹಿಡಿಕೆಗಳೂ, ತಂತಿಯ ತುದಿಗಳೂ ಮಂಕಾಗುತ್ತವೆ. ಕಪ್ಪಗಾದ ತುದಿಯನ್ನು ಕತ್ತರಿಸಿ ಹೊಸದಾಗಿ ಸುಲಿಯಿರಿ. ಕೆಲಸ ಮುಗಿದ ಮೇಲೆ ಬೋರ್ಡನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಅದಕ್ಕಾಗಿ ಬೋರ್ಡನ್ನು ಹಲಗೆಗೆ ಅಂಟಿಸದೆ, ಕಳಚಿ ತೆಗೆಯುವಂತೆ ಕೂರಿಸುವುದು ನಮ್ಮ ಊರುಗಳಿಗೆ ಹೊಂದುತ್ತದೆ. 1ಎನ್4007ನಂಥ ದಪ್ಪ ಕಾಲಿನ ಡಯೋಡ್ ಚುಚ್ಚಿದರೆ ಹಿಡಿಕೆ ಸಡಿಲವಾಗುತ್ತದೆ; ಆಮೇಲೆ ಅದೇ ರಂಧ್ರದಲ್ಲಿ 1ಎನ್4148ರ ತೆಳು ಕಾಲು ನಿಲ್ಲುವುದಿಲ್ಲ.

ಮಳೆಗೆ ಕರೆಂಟ್ ಹೋಗಿ ಮನೆ ಇನ್ವರ್ಟರ್‌ಗೆ ಬದಲಾಗಿದ್ದರೆ ಆ ಹೊತ್ತಿನಲ್ಲಿ ಗುಂಯ್ ಸದ್ದನ್ನು ಅಳೆಯಲು ಹೋಗಬೇಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಆಂಪ್ಲಿಫೈಯರ್ ತಾನಾಗಿಯೇ ಗುರುಗುಟ್ಟೀತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ನೇರ ತಂತಿಯಲ್ಲಿ ಪೂರ್ತಿ ಶುದ್ಧ. ಗ್ರೌಂಡ್ ಸಾಲು ನಡುವೆ ಕಡಿದಿತ್ತು! 47 ಮೈಕ್ರೋಫ್ಯಾರಡ್‌ನ ಕಾಲು ಆಚೆಯ ಅರ್ಧದಲ್ಲಿತ್ತು. ಒಂದು ತುಂಡು ತಂತಿಯಿಂದ ಎರಡರ್ಧಗಳನ್ನು ಬೆಸೆದ ಕೂಡಲೇ ಗುಂಯ್ ಸದ್ದಿನ ಬಹುಪಾಲು ಹೋಯಿತು. ಸೋಸುವ ಜೋಡಿ ಹಾಕಿದ ಮೇಲೆ ಬ್ಯಾಟರಿಗೂ ಅಡಾಪ್ಟರ್‌ಗೂ ವ್ಯತ್ಯಾಸವೇ ಕೇಳುತ್ತಿಲ್ಲ. ತುದಿಗಳನ್ನು ಸುಲಿದದ್ದರಿಂದ ಚಟಚಟವೂ ನಿಂತಿತು. ಸಿಳ್ಳೆ ಮಾತ್ರ ಸ್ವಲ್ಪ ಹಿಂದೆ ಸರಿದಿದೆ, ಪೂರ್ತಿ ಹೋಗಿಲ್ಲ. ಹೌದು, ಪಾಟ್‌ಗಳ ತಂತಿಗಳನ್ನು ಅಂದಕ್ಕಾಗಿ ಒಟ್ಟಿಗೆ ಕಟ್ಟಿದ್ದೇನೆ. ಇನ್‌ಪುಟ್ ತಂತಿಯೂ ಅದರೊಳಗೇ ಇದೆ.

ಉತ್ತರ (ಮಂಗಳೂರು)

ಆ ಕಟ್ಟನ್ನು ಬಿಚ್ಚಿ. ಇನ್‌ಪುಟ್‌ನಲ್ಲಿ 1 ಮೆಗಾಓಮ್ ಇರುವಲ್ಲಿ, ಔಟ್‌ಪುಟ್ ತಂತಿ ಪಕ್ಕದಲ್ಲೇ ಓಡಿದರೆ ಕೆಲವೇ ಪಿಕೋಫ್ಯಾರಡ್ ಸಾಕು, ಹಿಗ್ಗಿದ ಸಿಗ್ನಲ್ ಮತ್ತೆ ಒಳಗೆ ನುಗ್ಗಿ ಸುತ್ತತೊಡಗುತ್ತದೆ. ಇನ್‌ಪುಟ್ ಜ್ಯಾಕ್‌ನಿಂದ ಬೋರ್ಡಿಗೆ ಶೀಲ್ಡ್ (ಲೋಹದ ಹೊದಿಕೆ) ಇರುವ ತಂತಿ ಎಳೆಯಿರಿ, ಶೀಲ್ಡನ್ನು ಜ್ಯಾಕ್‌ನ ಕಡೆ ಮಾತ್ರ ಗ್ರೌಂಡಿಗೆ ಸೇರಿಸಿ. ಗೇನ್ ಪಾಟ್‌ನ ತಂತಿಗಳು ಆದಷ್ಟು ಗಿಡ್ಡವಾಗಿರಲಿ. ಐಸಿಯ 8 ಮತ್ತು 4ನೇ ಕಾಲುಗಳ ನಡುವೆ, ಅದರ ಮೈಗೆ ತಾಗುವಷ್ಟು ಹತ್ತಿರ, 100 ನ್ಯಾನೋಫ್ಯಾರಡ್ ಇಡಿ. 1 ಮತ್ತು 2ನೇ ಕಾಲುಗಳ ನಡುವೆ 47 ಪಿಕೋಫ್ಯಾರಡ್ ಇಡಿ. ಪೂರ್ತಿ ಗೇನ್‌ನಲ್ಲಿ ಅದು 6.8 ಕಿಲೊಹರ್ಟ್ಸ್‌ನ ಆಸುಪಾಸಿನಿಂದ ಮೇಲಿನದನ್ನು ಇಳಿಸುತ್ತದೆ, ಗಿಟಾರಿನ ಸೊಗಸು ಕೆಡುವುದಿಲ್ಲ. ಐಸಿಯ ಇನ್ನೊಂದು ಅರ್ಧ ಖಾಲಿಯಿದ್ದರೆ 6 ಮತ್ತು 7ನ್ನು ಸೇರಿಸಿ, 5ನ್ನು 4.5 ವೋಲ್ಟಿಗೆ ಕೊಡಿ.

ಹಲಗೆಯ ಮೂಲೆಯಲ್ಲಿ ಇನ್ನೊಂದು ತಂತಿಗೂ ಜಾಗ ಬಿಡಿ: ತುದಿಯಲ್ಲಿ 100 ನ್ಯಾನೋಫ್ಯಾರಡ್ ಕೆಪಾಸಿಟರ್, ಇನ್ನೊಂದು ಕೊನೆ ಔಟ್‌ಪುಟ್ ಜ್ಯಾಕ್‌ಗೆ. ಆಂಪ್ಲಿಫೈಯರ್‌ನ ಸದ್ದು ತಗ್ಗಿಸಿಟ್ಟುಕೊಂಡು ಆ ತುದಿಯನ್ನು ಇನ್‌ಪುಟ್‌ನಿಂದ ಹಂತಹಂತವಾಗಿ ಮುಟ್ಟಿಸುತ್ತ ಬಂದರೆ ಸದ್ದು ಎಲ್ಲಿ ಸತ್ತಿತು, ಎಲ್ಲಿ ಕೆಟ್ಟಿತು ಎಂಬುದು ಕಿವಿಗೇ ತಿಳಿಯುತ್ತದೆ. ಮೀಟರ್ ತೋರಿಸದ ಎಷ್ಟೋ ದೋಷಗಳನ್ನು ಇದು ಹಿಡಿದುಕೊಡುತ್ತದೆ.

ಪ್ರಶ್ನೆ ಕೇಳಿದವರು

ಸಿಳ್ಳೆ ಪೂರ್ತಿ ನಿಂತಿತು, ಗೇನ್ ಕೊನೆಯವರೆಗೆ ತಿರುಗಿಸಿದರೂ ಇಲ್ಲ. ಮುಂದೆ ಟ್ರಾನ್ಸಿಸ್ಟರ್ ಬಳಸುವ ಫಝ್ ಎಫೆಕ್ಟ್ ಮಾಡಬೇಕೆಂದಿದ್ದೇನೆ. ನಕ್ಷೆಯಲ್ಲಿ 2ಎನ್3904 ಇದೆ, ನನ್ನಲ್ಲಿರುವುದು ಬಿಸಿ547. ಹಾಗೆಯೇ ಹಾಕಬಹುದೇ?

ಉತ್ತರ (ಮಂಗಳೂರು)

ಹಾಕಬಹುದು, ಆದರೆ ತಿರುಗಿಸಿ ಹಾಕಿ. ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲುಗಳು ಕೆಳಗೆ ಇರುವಂತೆ ಹಿಡಿದರೆ 2ಎನ್3904ರಲ್ಲಿ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಗೇನ್ ಕೂಡ ಬೇರೆಯಾಗಿರುವುದರಿಂದ ಕಲೆಕ್ಟರ್ ವೋಲ್ಟೇಜ್ ಅಳೆದು, ಅಗತ್ಯವಿದ್ದರೆ ಆ ವೋಲ್ಟೇಜನ್ನು ಗೊತ್ತುಮಾಡುವ ಬಯಾಸ್ ರೆಸಿಸ್ಟರ್ ಬದಲಿಸಿ.